ಫ್ಯಾಂಟಾಸ್ಟಿಕ್ ಫೋರ್ 2ನೇ ಸಂಚಿಕೆ: ಶತ್ರುಗಳನ್ನು ಹಸು ಮಾಡಿ ಮೇಯಲು ಬಿಟ್ಟದ್ದು ದಯೆಯೋ, ಶಿಕ್ಷೆಯೋ?

ಹಳೇಶಾಯಿ
ಮಾರ್ವೆಲ್ ಕಂಪನಿಯ ಅಮೆರಿಕನ್ ಕಾಮಿಕ್ ಫ್ಯಾಂಟಾಸ್ಟಿಕ್ ಫೋರ್ ಮೊದಲಿಂದ ಓದೋಣ ಅಂತ ಹೊರಟವನು 2ನೇ ಸಂಚಿಕೆಯ ಕೊನೆಯಲ್ಲೇ ಸಿಕ್ಕಿಹಾಕ್ಕೊಂಡಿದ್ದೀನಿ.

ಓದದೇ ಇರೋರಿಗೆ ಕಥೆ ಇಷ್ಟು. ಮುಖಪುಟದಲ್ಲಿ ಜನವರಿ 1962 ಅಂತಿದೆ, ಅಂಗಡಿಗೆ ಬಂದದ್ದು 1961ರಲ್ಲೇ. ಬರೆದದ್ದು ಸ್ಟ್ಯಾನ್ ಲೀ, ಚಿತ್ರ ಜ್ಯಾಕ್ ಕರ್ಬಿ. ನಾಯಕರು ನಾಲ್ವರು: ಮೈ ಎಳೆದು ಉದ್ದ ಮಾಡೋ ರೀಡ್, ಮಾಯವಾಗೋ ಸ್ಯೂ, ಬೆಂಕಿಯಾಗೋ ಜಾನಿ, ಕಲ್ಲುಮೈಯ ಥಿಂಗ್ ಅಂದ್ರೆ ಬೆನ್. ಸ್ಕ್ರಲ್ ಅನ್ನೋ ಹಸಿರು ಮೈಯ, ಚೂಪು ಕಿವಿಯ ಅನ್ಯಗ್ರಹದವರು ಬೇಕಾದ ರೂಪ ತಾಳ್ತಾರೆ. ಅವರಲ್ಲಿ ನಾಲ್ವರು ನಮ್ಮ ನಾಲ್ವರ ವೇಷದಲ್ಲೇ ಹಾವಳಿ ಎಬ್ಬಿಸ್ತಾರೆ. ನಕಲಿ ಥಿಂಗ್ ಸಮುದ್ರದೊಳಗಿನ ಗೋಪುರ ಉರುಳಿಸ್ತಾನೆ, ನಕಲಿ ಸ್ಯೂ ಕೋಟಿ ಡಾಲರಿನ ರತ್ನ ಎತ್ತಿಕೊಂಡು ಹೋಗ್ತಾಳೆ, ನಕಲಿ ಜಾನಿ ಆಗಷ್ಟೇ ಪರದೆ ಸರಿಸಿದ ಅಮೃತಶಿಲೆಯ ಪ್ರತಿಮೆಯನ್ನ ಕರಗಿಸ್ತಾನೆ, ನಕಲಿ ರೀಡ್ ಊರಿನ ಕರೆಂಟೇ ತೆಗೀತಾನೆ. ಸೈನ್ಯದವರು ಹಿಡಿಯೋದು ಅಸಲಿಗಳನ್ನ. ಅವರು ತಪ್ಪಿಸಿಕೊಂಡು ನಕಲಿಗಳನ್ನ ಹಿಡೀತಾರೆ, ನಕಲಿಗಳ ನಕಲಿಯಾಗಿ ಸ್ಕ್ರಲ್ ಹಡಗಿಗೇ ಹೋಗ್ತಾರೆ. ಅಲ್ಲಿ ರೀಡ್ ರಿಚರ್ಡ್ಸ್ 'ಭೂಮಿಯಲ್ಲಿ ಎಂಥೆಂಥಾ ರಾಕ್ಷಸರಿದ್ದಾರೆ ನೋಡಿ' ಅಂತ ತೋರಿಸೋ ಚಿತ್ರಗಳು ಸ್ಟ್ರೇಂಜ್ ಟೇಲ್ಸ್, ಜರ್ನಿ ಇಂಟು ಮಿಸ್ಟರಿ ಕಾಮಿಕ್‌ಗಳಿಂದ ಕತ್ತರಿಸಿದವು! ಸ್ಕ್ರಲ್ ನಾಯಕ ಹೆದರಿ ದಂಡಯಾತ್ರೆ ಕೈಬಿಡ್ತಾನೆ, ಹೋಗೋ ಮೊದಲು ರೀಡ್‌ಗೆ ಶೌರ್ಯ ಪದಕ ಬೇರೆ ಕೊಡ್ತಾನೆ.

ಇಲ್ಲೀವರೆಗೂ ಬಿದ್ದು ಬಿದ್ದು ನಕ್ಕೆ. ಆಮೇಲೆ ಭೂಮಿಯಲ್ಲಿ ಉಳಿದ ಸ್ಕ್ರಲ್‌ಗಳ ಗತಿ ಏನು? ರೀಡ್ ಅವರಿಗೆ ಹಸುಗಳ ರೂಪ ತಾಳೋಕೆ ಹೇಳಿ, ಸಂಮೋಹನ ಮಾಡಿ, ತಾವು ಯಾರು ಅನ್ನೋದನ್ನೇ ಮರೆಸಿಬಿಡ್ತಾನೆ. ಕೊನೇ ಚಿತ್ರದಲ್ಲಿ ನೆಮ್ಮದಿಯಾಗಿ ಮೇಯ್ತಾ ಇರೋ ಹಸುಗಳು. ಶುಭಂ.

ಇದನ್ನ ತಮಾಷೆ ಅಂತ ತಗೋಬೇಕಾ? ನನಗೆ ಮೈ ಜುಮ್ ಅಂತು. ನಿಮಗೆ?

ಮಂಡ್ಯದ್ ಮಾಯಾವಿ
ಗುರು, 10 ಸೆಂಟಿನ ಮಕ್ಕಳ ಪುಸ್ತಕ. ಇಷ್ಟೊಂದು ತಲೆ ಕೆಡಿಸ್ಕೊಬೇಡ.

ಕುಡ್ಲದ ಕಾಮಿಕ್ಕು
ಅಲ್ಲ ಮಾರಾಯ್ರೆ, ಕೊಲ್ಲಲಿಲ್ಲ, ಜೈಲಿಗೆ ಹಾಕಲಿಲ್ಲ, ಹಸಿರು ಹುಲ್ಲು ಉಂಟು, ಮಳೆಗೆ ಕೊಟ್ಟಿಗೆ ಉಂಟು. ಇನ್ನೆಂಥ ಬೇಕು ಅವರಿಗೆ? ಜೀವ ಉಳಿಸಿ ಅಂತ ಗೋಗರೆದದ್ದು ಅವರೇ ಅಲ್ವಾ.

ಹುಬ್ಳಿ ಹೈದ
ಎಲ್ಲಾರೂ ಆಕಳದ್ದ ಮಾತಾಡಾಕತ್ತೀರಿ. ಲೆಕ್ಕ ಯಾರೂ ಹಾಕಂಗಿಲ್ಲೇನ್ರೀ? ವೇಷ ಹಾಕ್ಕೊಂಡು ಬಂದವ್ರು ನಾಕ್ ಮಂದಿ. ಕೊನೀಗೆ ಹೊಲದಾಗ ಇರೋವು ಮೂರ ಆಕಳ. ಒಬ್ಬಾಂವ ಎಲ್ಲಿ ಹ್ವಾದ?

ಹಳೇಶಾಯಿ
ಹೈದ, ಹೌದಲ್ಲ! ಮತ್ತೆ ತಿರುಗಿಸಿ ನೋಡಿದೆ. ಮೂರೇ ಇವೆ.

ಎಲೆಅಡಿಕೆ
ಆ ಕಾಲದ ಮಾರ್ವೆಲ್‌ನಲ್ಲಿ ಇಂಥ ಲೆಕ್ಕ ತಪ್ಪೋದು ಹೊಸದಲ್ಲ. ಕಥೆ ಬಾಯಲ್ಲಿ ಮಾತಾಡಿಕೊಂಡು, ಕರ್ಬಿ ಪುಟ ಪೂರ್ತಿ ಬರೆದು ಕಳಿಸಿ, ಆಮೇಲೆ ಲೀ ಮಾತು ತುಂಬಿಸೋ ಪದ್ಧತಿ ಬೆಳೀತಿದ್ದ ಹೊತ್ತು. ಲೀ ಕೈಯಲ್ಲಿ ಇದೊಂದೇ ಪತ್ರಿಕೆ ಇರಲಿಲ್ಲ. ಕೌಬಾಯ್ ಕಥೆ, ಪ್ರೇಮಕಥೆ, ದೈತ್ಯರ ಕಥೆ ಎಲ್ಲ ಒಟ್ಟಿಗೆ ನಡೀತಿದ್ವು. ಒಂದು ಹಸು ಹೆಚ್ಚು ಕಮ್ಮಿ ಆದ್ರೆ ಯಾರು ನೋಡ್ತಿದ್ರು?

ಹುಬ್ಳಿ ಹೈದ
ನಾವು ನೋಡ್ತೇವ್ರಿ!!

ಪುಟಗಿಳಿ
ಹಳೇಶಾಯಿ ಅವರ ಪ್ರಶ್ನೆಗೆ ಬರ್ತೀನಿ. ನನಗೂ ಆ ಕೊನೆ ಮೊದಲ ಸಲವೇ ಕಸಿವಿಸಿ ಮಾಡಿತ್ತು. ಆದರೆ ಕಾರಣ ಬೇರೆ.

ಈ ಸಂಚಿಕೆ ಪೂರ್ತಿ ನಿಂತಿರೋದು ಒಂದೇ ಭಯದ ಮೇಲೆ: ನನ್ನ ರೂಪ ಇನ್ಯಾರೋ ತಗೊಂಡರೆ ನಾನು ಯಾರು ಅಂತ ನಾನೇ ಹೇಗೆ ಸಾಬೀತು ಮಾಡಲಿ? ಮೊದಲ ಪುಟಗಳಲ್ಲಿ ಊರೇ ನಾಲ್ವರ ಮೇಲೆ ತಿರುಗಿ ಬೀಳುತ್ತೆ. ಅವರು ಕಾಡಿನ ಮನೆಯೊಂದರಲ್ಲಿ ಅಡಗಿ ಕೂತಿರ್ತಾರೆ. ಅದರ ಮೇಲೆ ಬೆನ್ ಗ್ರಿಮ್. ಅವನು ಕಲ್ಲಿನ ದೈತ್ಯನಾಗಿ ಆಗಿನ್ನೂ ಒಂದೇ ಸಂಚಿಕೆ ಕಳೆದಿದೆ. ಹಡಗು ಭೂಮಿಗೆ ವಾಪಸಾಗುವಾಗ ವಿಕಿರಣದ ಪಟ್ಟಿ ದಾಟುತ್ತೆ, ಬೆನ್ ಒಂದು ಕ್ಷಣ ಮನುಷ್ಯನಾಗ್ತಾನೆ. ಖುಷಿಪಡೋ ಅಷ್ಟರಲ್ಲಿ ಮತ್ತೆ ಥಿಂಗ್. ಇಡೀ ಸಂಚಿಕೆಯಲ್ಲಿ ನನ್ನನ್ನ ತಟ್ಟಿದ್ದು ಅದೇ.

ಈಗ ಯೋಚಿಸಿ. ಇಷ್ಟವಿಲ್ಲದ ಮೈಯಲ್ಲಿ ಸಿಕ್ಕಿಬಿದ್ದ ಗೆಳೆಯ ಪಕ್ಕದಲ್ಲೇ ನಿಂತಿದ್ದಾನೆ. ಅವನ ಎದುರಿಗೇ ರೀಡ್ ಬೇರೆಯವರನ್ನ ಪ್ರಾಣಿಗಳ ಮೈಯಲ್ಲಿ ಕೂಡಿಹಾಕ್ತಾನೆ. ಅದೂ ನೆನಪೇ ಅಳಿಸಿ. ಬೆನ್‌ಗೆ ಆ ಕ್ಷಣ ಏನನ್ನಿಸಿರಬೇಕು? ಕಥೆ ಅದನ್ನ ಕೇಳೋದೇ ಇಲ್ಲ.

ಮಂಡ್ಯದ್ ಮಾಯಾವಿ
ಅಬ್ಬಾ. ಓಕೆ, ಇದು ಹೊಳೆದಿರ್ಲಿಲ್ಲ ಕಣಮ್ಮ.

ಕುಡ್ಲದ ಕಾಮಿಕ್ಕು
ಪುಟಗಿಳಿಯವರೇ, ಬೆನ್‌ಗೆ ನೆನಪು ಉಂಟು, ಅದಕ್ಕೇ ಸಂಕಟ. ಸ್ಕ್ರಲ್‌ಗಳಿಗೆ ನೆನಪೇ ಇಲ್ಲ, ಮತ್ತೆ ಸಂಕಟ ಎಲ್ಲಿಂದ? ನನ್ನ ಪ್ರಕಾರ ರೀಡ್ ಮಾಡಿದ್ದು ಸರಿಯೇ.

ಪುಟಗಿಳಿ
ನೆನಪು ಕಿತ್ತುಕೊಳ್ಳೋದನ್ನ ದಯೆ ಅಂತೀರಾ? ಕೊಲೆ ಮಾಡಿ ಮೈ ಮಾತ್ರ ಉಳಿಸಿದ ಹಾಗೆ ಅಲ್ವಾ?

ಕುಡ್ಲದ ಕಾಮಿಕ್ಕು
ನೀವು ಕೋರ್ಟಿಗೆ ಹೋಗಿ ಮಾರಾಯ್ರೆ, ನಾನು ಹಾಲು ಕರೆಯಲಿಕ್ಕೆ ಹೋಗ್ತೇನೆ.

ಕೊಟ್ಟಿಗೆ ಗೌಡ
ನಮ್ಮನೇಲಿ ಹಸು ಸಾಕ್ತೀವಿ, ಅದಕ್ಕೆ ಒಂದು ಅನುಮಾನ. ಈ ಸ್ಕ್ರಲ್ ಹಸು ಕರು ಹಾಕುತ್ತಾ? ಹಾಲು ಕೊಡುತ್ತಾ? ಕೊಟ್ರೆ ಡೇರಿಯಲ್ಲಿ ಫ್ಯಾಟ್ ಎಷ್ಟು ತೋರಿಸುತ್ತೆ?

ನ್ಯೂಜೆರ್ಸಿ ನಾಗಣ್ಣ
ಗೌಡ್ರೇ, ನಗಬೇಡಿ, ಅದಕ್ಕೆ ಉತ್ತರ ಇದೆ. 1983ರ ಫ್ಯಾಂಟಾಸ್ಟಿಕ್ ಫೋರ್ ವಾರ್ಷಿಕ ಸಂಚಿಕೆ 17. ಬರೆದು ಚಿತ್ರಿಸಿದ್ದು ಜಾನ್ ಬರ್ನ್. ಆ ಹಸುಗಳ ಹಾಲು ಕುಡಿದ ಒಂದು ಊರಿನ ಜನಕ್ಕೆಲ್ಲ ರೂಪ ಬದಲಿಸೋ ಶಕ್ತಿ ಬಂದ್ಬಿಡುತ್ತೆ. ನಿಮಗೆ ಬಂದ ಅನುಮಾನ ಬರ್ನ್‌ಗೂ ಬಂದಿತ್ತು ನೋಡಿ.

ಕೊಟ್ಟಿಗೆ ಗೌಡ
ಹಂಗಾದ್ರೆ ಕಾಫಿಗೆ ಬೇಡ 😀

ನ್ಯೂಜೆರ್ಸಿ ನಾಗಣ್ಣ
ಇನ್ನೂ ಇದೆ. 1995ರಲ್ಲಿ ಸ್ಕ್ರಲ್ ಕಿಲ್ ಕ್ರೂ ಅಂತ 5 ಸಂಚಿಕೆಯ ಸರಣಿ ಬಂತು. ಗ್ರಾಂಟ್ ಮಾರಿಸನ್, ಮಾರ್ಕ್ ಮಿಲ್ಲರ್ ಬರೆದದ್ದು, ಚಿತ್ರ ಸ್ಟೀವ್ ಯೋವೆಲ್. ಅಲ್ಲಿ ಹಾಲಿನ ಮಾತಿಲ್ಲ, ನೇರ ಮಾಂಸ. ಸ್ಕ್ರಲ್ ಹಸುಗಳನ್ನ ಕಡಿದು ಬರ್ಗರ್ ಮಾಡಿಬಿಟ್ಟಿರ್ತಾರೆ, ತಿಂದವರಿಗೆ ಒಂದು ಥರ ಕಾಯಿಲೆ, ಜೊತೆಗೆ ರೂಪ ಬದಲಿಸೋ ಶಕ್ತಿ. ಮಾರಿಸನ್, ಮಿಲ್ಲರ್ ಇಬ್ಬರೂ ಸ್ಕಾಟ್ಲೆಂಡಿನವರು. ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗದ ಗಲಾಟೆ ಆಗ ಜೋರಾಗಿ ನಡೀತಿತ್ತು. ಆ ರೋಗ ಮನುಷ್ಯರಿಗೂ ತಗಲಿರಬಹುದು ಅಂತ ಅಲ್ಲಿನ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1996ರ ಮಾರ್ಚ್‌ನಲ್ಲಿ. ಕಾಮಿಕ್ ಅದಕ್ಕೂ ಮೊದಲೇ ಬಂದಿತ್ತು.

ಬಾದಾಮಿ ಬಸು
ಒಂದ್ ನಿಮಿಷ. ವೇಷ ಬದಲಿಸೋ ರಾಕ್ಷಸ ಪ್ರಾಣಿ ಆಗ್ತಾನ, ಅದನ್ನ ಕಡದು ಅಡಗಿ ಮಾಡ್ತಾರ, ತಿಂದವ್ರ ಹೊಟ್ಟ್ಯಾಗ ಹೋಗಿ ಕಾಟ ಕೊಡ್ತಾನ. ಇದು ನಮ್ಮ ವಾತಾಪಿ ಕಥಿ ಅಲ್ಲೇನ್ರೀ? ಇಲ್ವಲ ತಮ್ಮನ್ನ ಆಡು ಮಾಡಿ, ಬಂದ ಬ್ರಾಹ್ಮಣರಿಗೆ ಉಣಿಸಿ, 'ವಾತಾಪಿ ಬಾ' ಅಂತಿದ್ದ. ಅಂವ ಹೊಟ್ಟಿ ಸೀಳ್ಕೊಂಡು ಹೊರಗ ಬರ್ತಿದ್ದ. ಕಡೀಕ ಅಗಸ್ತ್ಯರು ಉಂಡು, ಹೊಟ್ಟಿ ಸವರ್ಕೊಂಡು, ಜೀರ್ಣ ಮಾಡಿಬಿಟ್ರು. ನಮ್ಮೂರಿನ ಹಳೇ ಹೆಸರ ವಾತಾಪಿ. ಮಾರ್ವೆಲ್‌ನವ್ರು ಬಾದಾಮಿಗೆ ರಾಯಲ್ಟಿ ಕಳಸಬೇಕು.

ಹುಬ್ಳಿ ಹೈದ
ಬಸು ಅಣ್ಣಾ, ಈ ಥ್ರೆಡ್ಡಿನಾಗ ನಂಬರ್ ಒನ್ ಮಾತು 👏👏

ಎಲೆಅಡಿಕೆ
ಹೋಲಿಕೆ ಚೆನ್ನಾಗಿದೆ ಬಸು, ಆದರೆ ಒಂದು ವ್ಯತ್ಯಾಸ ಇದೆ. ವಾತಾಪಿಗೆ ತಾನು ಯಾರು ಅಂತ ಗೊತ್ತಿರುತ್ತೆ, ಅವನು ಆಡು ಆಗೋದು ಬೇಟೆಗೆ. ಮಾರೀಚನೂ ಅಷ್ಟೇ, ಜಿಂಕೆಯ ಮೈಯೊಳಗೂ ಮಾರೀಚನೇ. ಸಾಯುವಾಗ ಕೂಗಿದ ಧ್ವನಿ ಮಾತ್ರ ರಾಮನದು. ನಮ್ಮ ಕಾಮರೂಪಿಗಳು ತಮ್ಮ ಗುರುತು ಕಳೆದುಕೊಳ್ಳೋದು ಅಪರೂಪ. ಗುರುತು ಅಳಿಸೋದು ಬೇಕಾದರೆ ಶಾಪ ಬೇಕು. ಹಾಗೆ ನೋಡಿದರೆ ರೀಡ್ ಇಲ್ಲಿ ಋಷಿಯ ಕೆಲಸ ಮಾಡಿದ್ದಾನೆ: ಶಾಪ ಕೊಟ್ಟ, ವಿಮೋಚನೆ ಹೇಳೋದು ಮರೆತ.

ಪುಟಗಿಳಿ
ಅದೇ ನಾನು ಹೇಳೋಕೆ ಹೊರಟಿದ್ದು. ವಿಮೋಚನೆ ಇಲ್ಲದ ಶಾಪ.

ಶೀತಲಸಮರ
ಎಲ್ಲರೂ ಪುರಾಣಕ್ಕೆ ಹೋದ್ರಿ. ಸ್ವಲ್ಪ 1961ಕ್ಕೆ ಬನ್ನಿ. ಏಪ್ರಿಲ್ 12ರಂದು ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದ. ಮೇ 5ಕ್ಕೆ ಅಮೆರಿಕದ ಅಲನ್ ಶೆಪರ್ಡ್. 1ನೇ ಸಂಚಿಕೆಯಲ್ಲಿ ನಾಲ್ವರು ಅವಸರ ಅವಸರವಾಗಿ ರಾಕೆಟ್ ಹತ್ತೋದಕ್ಕೆ ಸ್ಯೂ ಕೊಡೋ ಕಾರಣವೇ ಕಮ್ಯುನಿಸ್ಟರು ಮುಂದೆ ಹೋಗಿಬಿಡ್ತಾರೆ ಅಂತ. 2ನೇ ಸಂಚಿಕೆಯಲ್ಲಿ ಪಕ್ಕದವನೇ ಶತ್ರುವಿನ ಗೂಢಚಾರಿ, ನೋಡೋಕೆ ನಮ್ಮಂತೆಯೇ ಇದ್ದಾನೆ. ನಮ್ಮೊಳಗೇ ಕಮ್ಯುನಿಸ್ಟರು ಅಡಗಿದ್ದಾರೆ ಅಂತ ಸೆನೆಟರ್ ಮೆಕಾರ್ತಿ ಎಬ್ಬಿಸಿದ್ದ ಭಯ ಇನ್ನೂ ಆರಿರಲಿಲ್ಲ. ಹಾಗಾಗಿ ಹಸು ಮಾಡಿದ್ದು ಶಿಕ್ಷೆಯೂ ಅಲ್ಲ ದಯೆಯೂ ಅಲ್ಲ, ಶತ್ರುವನ್ನ ನಿರುಪದ್ರವಿ ಮಾಡೋ ಕನಸು.

ಮಂಡ್ಯದ್ ಮಾಯಾವಿ
ಬಂತಪ್ಪಾ ಪ್ರಬಂಧ.

ಶೀತಲಸಮರ
ಓದೋಕೆ ಇಷ್ಟ ಇಲ್ದಿದ್ರೆ ಮುಂದಕ್ಕೆ ಹೋಗಿ ಸಾರ್.

ಬೆಂಗ್ಳೂರ್ ಬಾಡಿಗೆದಾರ
ಕೊಲ್ಲದೇ ಬಿಟ್ಟದ್ದು ಕಾಮಿಕ್ಸ್ ಕೋಡ್, ಅಂದ್ರೆ ಪ್ರಕಾಶಕರೇ ಹಾಕ್ಕೊಂಡ ನಿಯಮಾವಳಿ, ಅದರ ಕಾರಣಕ್ಕೆ ಅಷ್ಟೇ. 1954ರಲ್ಲಿ ಕೋಡ್ ಬಂದ ಮೇಲೆ ಮುಖಪುಟದ ಮೇಲೆ ಅದರ ಮುದ್ರೆ ಇಲ್ಲದಿದ್ರೆ ಪುಸ್ತಕ ಅಂಗಡಿ ಸೇರೋದೇ ಕಷ್ಟ. ಕೊಲೆ ತೋರಿಸೋ ಹಂಗಿರ್ಲಿಲ್ಲ.

ಎಲೆಅಡಿಕೆ
ಅರ್ಧ ಸರಿ. ಕೋಡ್‌ನಲ್ಲಿ ಸಾವೇ ಬೇಡ ಅಂತ ಇರಲಿಲ್ಲ. ರಕ್ತಪಾತ, ಚಿತ್ರಹಿಂಸೆ, ಅಪರಾಧಿಯ ಮೇಲೆ ಮರುಕ ಹುಟ್ಟೋ ಹಾಗೆ ತೋರಿಸೋದು ಇವಕ್ಕೆ ಅಡ್ಡಿ ಇತ್ತು. ಇಲ್ಲಿಗೆ ನಿಜವಾಗಿ ಸಂಬಂಧಪಡೋ ನಿಯಮ ಬೇರೆ. ರಕ್ತಪಿಶಾಚಿ, ನಡೆದಾಡೋ ಹೆಣ, ತೋಳವಾಗೋ ಮನುಷ್ಯ ಇವೆಲ್ಲ ನಿಷಿದ್ಧ. ರಕ್ತಪಿಶಾಚಿ, ತೋಳಮನುಷ್ಯರ ಮಟ್ಟಿಗೆ ಸಡಿಲ ಮಾಡಿದ್ದು 1971ರಲ್ಲಿ. ಹುಣ್ಣಿಮೆ ರಾತ್ರಿ ತೋಳವಾದರೆ ಕತ್ತರಿ. ಬಾಹ್ಯಾಕಾಶದಿಂದ ಬಂದು ತೋಳವಾದರೆ ಮುದ್ರೆ ಬೀಳುತ್ತೆ! ಆ ಹತ್ತು ಹದಿನೈದು ವರ್ಷ ಅಮೆರಿಕನ್ ಕಾಮಿಕ್‌ಗಳಲ್ಲಿ ಅನ್ಯಗ್ರಹದವರು, ವಿಕಿರಣ, ಮೈ ಬದಲಾಗೋದು ಇವು ತುಂಬಿ ತುಳುಕಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಹಳೇ ದೆವ್ವಗಳೇ ಬಾಹ್ಯಾಕಾಶದ ವಿಳಾಸ ಹಾಕ್ಕೊಂಡು ವಾಪಸು ಬಂದ್ವು.

ಹಳೇಶಾಯಿ
ಎಲೆಅಡಿಕೆ ಅವರೇ, ಇದು ಒಳ್ಳೇ ಮಾತು. ಹಾಗಾದ್ರೆ ರೀಡ್ ತೋರಿಸಿದ ಆ ರಾಕ್ಷಸರ ಚಿತ್ರಗಳೂ ಅದೇ ಸಾಲಿನವೇ.

ಎಲೆಅಡಿಕೆ
ಅಲ್ಲದೇ ಮತ್ತೆ. ಅವುಗಳಲ್ಲಿ ಬಹಳಷ್ಟು ಚಿತ್ರಿಸ್ತಾ ಇದ್ದದ್ದು ಇದೇ ಕರ್ಬಿ. ಗ್ರೂಟ್ ಹುಟ್ಟಿದ್ದು 1960ರಲ್ಲಿ, ಟೇಲ್ಸ್ ಟು ಆಸ್ಟಾನಿಶ್ 13ರಲ್ಲಿ, ಭೂಮಿಗೆ ನುಗ್ಗಿದ ಖಳನಾಗಿ. ಈಗ ಮಕ್ಕಳು ಅವನ ಬೊಂಬೆ ಇಟ್ಕೊಂಡು ಮಲಗ್ತಾರೆ. ಫಿನ್ ಫ್ಯಾಂಗ್ ಫೂಮ್ 1961. ಅಂದ್ರೆ ಕರ್ಬಿ ತನ್ನ ಹಳೇ ಕೆಲಸ ತೋರಿಸಿ ತನ್ನ ಹೊಸ ಖಳರನ್ನ ಹೆದರಿಸಿ ಓಡಿಸ್ತಾನೆ. ಈ ಸಂಚಿಕೆಯ ಅತ್ಯಂತ ಜಾಣ ಭಾಗ ಅದೇ. ಹಸುವಿನ ಕೊನೆ ಅದರ ಮುಂದೆ ಸಪ್ಪೆ.

ಕುಡ್ಲದ ಕಾಮಿಕ್ಕು
'ಕರ್ಬಿ ತನ್ನ ಖಳರನ್ನ' ಅಂತೀರಿ. ಲೀ ಎಲ್ಲಿಗೆ ಹೋದರು?

ಎಲೆಅಡಿಕೆ
ಯಾರು ಎಷ್ಟು ಸೃಷ್ಟಿಸಿದ್ರು ಅನ್ನೋ ಆ ಜಗಳ ದಯವಿಟ್ಟು ಇಲ್ಲಿ ಬೇಡ.

ನ್ಯೂಜೆರ್ಸಿ ನಾಗಣ್ಣ
ಬೇಡ ಅಂದ್ರೂ ಒಂದು ಮಾತು. ಕರ್ಬಿ ಕುಟುಂಬ ಮತ್ತು ಮಾರ್ವೆಲ್ ನಡುವಿನ ಕೋರ್ಟ್ ವ್ಯಾಜ್ಯ 2014ರ ಸೆಪ್ಟೆಂಬರ್‌ನಲ್ಲಿ ರಾಜಿಯಲ್ಲಿ ಮುಗೀತು. ಆಮೇಲೆ ಕರ್ಬಿ ಹೆಸರು ಪುಸ್ತಕಗಳಲ್ಲಿ ಸರಿಯಾಗಿ ಕಾಣ್ತಾ ಇದೆ. ಸಾಕು, ನಿಲ್ಲಿಸ್ದೆ.

ಬೆಂಗ್ಳೂರ್ ಬಾಡಿಗೆದಾರ
ಇಡೀ ಫ್ಯಾಂಟಾಸ್ಟಿಕ್ ಫೋರ್ ಹುಟ್ಟಿದ್ದೇ ಗಾಲ್ಫ್ ಆಟದಿಂದ ಅಂತ ಓದಿದ್ದೆ. ಮಾರ್ವೆಲ್ ಮಾಲೀಕ ಮಾರ್ಟಿನ್ ಗುಡ್‌ಮನ್, ಎದುರಾಳಿ ಕಂಪನಿ ಡಿಸಿಯವರ ಜೊತೆ ಗಾಲ್ಫ್ ಆಡುವಾಗ ಅವರ ಸೂಪರ್‌ಹೀರೋ ತಂಡ ಜಸ್ಟಿಸ್ ಲೀಗ್ ಚೆನ್ನಾಗಿ ಮಾರ್ತಾ ಇದೆ ಅಂತ ಕೇಳಿಸಿಕೊಂಡು, ನಮಗೂ ಒಂದು ತಂಡ ಬೇಕು ಅಂದ್ನಂತೆ.

ಎಲೆಅಡಿಕೆ
ಆ ಗಾಲ್ಫ್ ಕಥೆ ಬಾಯಿಂದ ಬಾಯಿಗೆ ಬಂದದ್ದು, ಡಿಸಿ ಕಡೆಯಿಂದಲೇ ಅಂಥ ಆಟ ನಡೆದಿಲ್ಲ ಅನ್ನೋ ಮಾತು ಬಂದಿದೆ. ಜಸ್ಟಿಸ್ ಲೀಗ್ ಮಾರಾಟ ನೋಡಿ ಹುಟ್ಟಿದ್ದು ಅನ್ನೋದು ಮಾತ್ರ ಲೀ ಅವರೇ ಹೇಳ್ತಿದ್ದ ಮಾತು. ತಮಾಷೆ ಏನಂದ್ರೆ ಮಾರ್ವೆಲ್ ಪುಸ್ತಕಗಳನ್ನ ಆಗ ಅಂಗಡಿಗಳಿಗೆ ಹಂಚ್ತಾ ಇದ್ದದ್ದೂ ಡಿಸಿಯದೇ ಹಂಚಿಕೆ ಕಂಪನಿ. ತಿಂಗಳಿಗೆ ಇಷ್ಟೇ ಶೀರ್ಷಿಕೆ ಅಂತ ಮಿತಿ ಬೇರೆ. ಫ್ಯಾಂಟಾಸ್ಟಿಕ್ ಫೋರ್ ಶುರುವಿನಲ್ಲಿ ಎರಡು ತಿಂಗಳಿಗೊಂದೇ ಬರ್ತಿತ್ತು.

ಮಂಡ್ಯದ್ ಮಾಯಾವಿ
ಜಸ್ಟಿಸ್ ಲೀಗ್ ಮೊದಲ ಕಥೆಯಲ್ಲೂ ಅನ್ಯಗ್ರಹದ್ದೇ ತಾನೆ? ದೊಡ್ಡ ನಕ್ಷತ್ರ ಮೀನು?

ಪುಟಗಿಳಿ
ಹೌದು, ಸ್ಟಾರೋ. ದಿ ಬ್ರೇವ್ ಅಂಡ್ ದಿ ಬೋಲ್ಡ್ 28, 1960. ಅವನು ನಮ್ಮ ಸಮುದ್ರದ ಸಾಮಾನ್ಯ ನಕ್ಷತ್ರ ಮೀನುಗಳನ್ನ ತನ್ನಂತೆ ದೈತ್ಯ ಮಾಡ್ತಾನೆ. ಅವನನ್ನ ಸೋಲಿಸೋದು ಯಾವುದರಿಂದ ಗೊತ್ತಾ? ಸುಣ್ಣ. ಸ್ನಾಪರ್ ಕಾರ್ ಅನ್ನೋ ಹುಡುಗ ಹುಲ್ಲುಹಾಸಿಗೆ ಸುಣ್ಣ ಹಾಕ್ತಾ ಇರ್ತಾನೆ, ಹಾಗಾಗಿ ಸ್ಟಾರೋ ಮೋಡಿ ಅವನ ಮೇಲೆ ನಡೆಯಲ್ಲ.

ಕೊಟ್ಟಿಗೆ ಗೌಡ
ನಮ್ಮಜ್ಜಿ ಒಬ್ಬಳೇ ಸಾಕಿತ್ತು ಆ ಮೀನಿಗೆ. ಸೊಂಟದ ಚೀಲದಲ್ಲಿ ಸುಣ್ಣದ ಡಬ್ಬಿ ಯಾವಾಗ್ಲೂ ಇರ್ತಿತ್ತು.

ಎಲೆಅಡಿಕೆ
ನನ್ನ ಹೆಸರು ನೋಡಿ ಹೇಳಿದ್ರಾ ಗೌಡ್ರೇ 😂

ಸಂಶಯಿ
ನನಗೊಂದು ಬೇರೆ ತಕರಾರು. 2ನೇ ಸಂಚಿಕೆಯಲ್ಲಿ ಅವರಿಗೆ ಸಮವಸ್ತ್ರವೇ ಇಲ್ಲ. ನೀಲಿ ಬಟ್ಟೆ ಬರೋದು 3ನೇ ಸಂಚಿಕೆಯಲ್ಲಿ. ಮೊದಲ ಸಂಚಿಕೆ ಕಳೆದು ಎರಡೇ ತಿಂಗಳು, ಅಷ್ಟರಲ್ಲಿ ಊರಿನವರೆಲ್ಲ ಅವರನ್ನ ಗುರುತು ಹಿಡಿದು, ನಂಬಿ, ಮತ್ತೆ ಅವರಿಂದ ಮೋಸ ಹೋದ್ವಿ ಅಂತ ಸಿಟ್ಟಾಗೋದು ಹೇಗೆ? ಜನಪ್ರಿಯತೆ ಅಷ್ಟು ಬೇಗ ಬರುತ್ತಾ?

ಹಳೇಶಾಯಿ
ಇಲ್ಲಿ ನಾನು ಕಥೆಯ ಪರ. ಮುಖವಾಡ ಇಲ್ಲದ ತಂಡ ಅನ್ನೋದೇ ಆಗ ಹೊಸದು. ಅವರ ಅಸಲಿ ಹೆಸರು ಊರಿಗೇ ಗೊತ್ತು. ಮುಖವಾಡ ಹಾಕಿದವನ ಮೇಲೆ ಅಪವಾದ ಬಂದರೆ ಅದನ್ನ ಕಳಚಿಟ್ಟು ಮನೆಗೆ ಹೋಗಬಹುದು. ಇವರು ಎಲ್ಲಿಗೆ ಹೋಗ್ಬೇಕು? ಬೆನ್ ಅಂತೂ ಬೀದಿಗೆ ಬರೋ ಹಂಗೇ ಇಲ್ಲ.

ಸಂಶಯಿ
ಸರಿ, ಒಪ್ಪಿದೆ. ಆದ್ರೆ ರೀಡ್ ಸಂಮೋಹನ ವಿದ್ಯೆ ಯಾವಾಗ ಕಲಿತ?

ಹಳೇಶಾಯಿ
ಕೊನೇ ಪುಟ ಬಂದಾಗ 😄

ಹುಬ್ಳಿ ಹೈದ
ಆಕಳ ಆಮ್ಯಾಲೆ ಏನಾದ್ವು ಅಂತ ಪೂರ್ತಿ ಯಾರೂ ಹೇಳಲಿಲ್ಲ. ನಾ ಹೇಳ್ತೇನಿ ಕೇಳ್ರಿ. ಅವೆಂಜರ್ಸ್ 89ರಿಂದ 97, 1971-72ರಾಗ ಬಂದ ಕ್ರೀ-ಸ್ಕ್ರಲ್ ಯುದ್ಧ. ಕ್ರೀ ಅಂದ್ರ ಇನ್ನೊಂದು ಅನ್ಯಗ್ರಹದ ಮಂದಿ. ರಾಯ್ ಥಾಮಸ್ ಬರದದ್ದು. ಅದರಾಗ 93ನೇ ಸಂಚಿಕಿ, ಚಿತ್ರ ನೀಲ್ ಆಡಮ್ಸ್. ವಿಷನ್ ಅನ್ನೋ ಯಂತ್ರಮನುಷ್ಯ ಅರೆಜೀವ ಆಗಿ ಒಳಗ ಬಂದು ಬೀಳ್ತಾನ. ಯಾರು ಹೊಡದ್ರು ಅಂದ್ರ, ಮೂರು ಆಕಳ ಹೊಡದ್ವು ಅಂತಾನ! ಇವ ಆಕಳ. ಅವು ಆಮ್ಯಾಲೆ ರೀಡ್, ಥಿಂಗ್, ಜಾನಿ ಆಗಿ ಬಡದಾಡ್ತಾವ. 10 ವರ್ಷದ ಹಿಂದಿನ ಚೇಷ್ಟಿನ ಥಾಮಸ್ ಯುದ್ಧಕ್ಕ ಬೀಜ ಮಾಡ್ಕೊಂಡಾನ ನೋಡ್ರಿ. ಆ ಸಂಚಿಕ್ಯಾಗ ಆಂಟ್-ಮ್ಯಾನ್ ವಿಷನ್ ಮೈಯೊಳಗ ಇಳದು ರಿಪೇರಿ ಮಾಡೋ ಪುಟಗಳನ್ನ ನೋಡಿದ್ರ ಕಣ್ಣು ತಿರಗ್ತಾವ.

ಪುಟಗಿಳಿ
ಹಾಗಾದರೆ ಅವರಿಗೆ ನೆನಪು ವಾಪಸ್ ಬಂತು ಅಂತಾಯ್ತು! ಕುಡ್ಲದವರೇ, ಕೇಳಿಸ್ತಾ? ಎಲ್ಲೋ ಒಳಗೆ ಇತ್ತು.

ಕುಡ್ಲದ ಕಾಮಿಕ್ಕು
ಕೇಳಿಸ್ತು ಕೇಳಿಸ್ತು. ಆದ್ರೆ ಅದು 10 ವರ್ಷದ ನಂತರ ಬೇರೆ ಯಾರೋ ಬರೆದದ್ದಲ್ವಾ? ಅದನ್ನ ತಂದು 1961ರ ರೀಡ್ ತಲೆಗೆ ಕಟ್ಟಲಿಕ್ಕೆ ಆಗುವುದಿಲ್ಲ.

ಶೀತಲಸಮರ
ಅದಕ್ಕೇ ನನಗೆ ಈ ಎಳೆ ಇಷ್ಟ. ಒಬ್ಬೊಬ್ಬ ಲೇಖಕನೂ ಆ ಕೊನೇ ಪುಟಕ್ಕೆ ವಾಪಸ್ ಬಂದು ಬಾಕಿ ವಸೂಲಿ ಮಾಡಿದ್ದಾನೆ. ಥಾಮಸ್, ಬರ್ನ್, ಮಾರಿಸನ್. ಹಸುಗಳ ಜಮಾಖರ್ಚು ಮಾತ್ರ ಒಬ್ಬರದು ಇನ್ನೊಬ್ಬರಿಗೆ ತಾಳೆ ಆಗಲ್ಲ, ಅದು ಬೇರೆ ವಿಷಯ. ಸ್ಕ್ರಲ್‌ಗಳ ರಾಜಧಾನಿ ಗ್ರಹವನ್ನ ಗ್ಯಾಲಕ್ಟಸ್ ನುಂಗೋದೂ ಬರ್ನ್ ಕಥೆಯಲ್ಲೇ, 257ನೇ ಸಂಚಿಕೆ, 1983. ಅಲ್ಲಿಗೆ ಬರುವಷ್ಟರಲ್ಲಿ ಅವರು ನಿರಾಶ್ರಿತರು. 2019ರ ಕ್ಯಾಪ್ಟನ್ ಮಾರ್ವೆಲ್ ಸಿನಿಮಾದಲ್ಲಂತೂ ನೆಲೆ ಹುಡುಕ್ತಾ ಇರೋ ಸಂಸಾರಗಳು. ಆ ಸಿನಿಮಾ ನೋಡಿ ಬಂದು 2ನೇ ಸಂಚಿಕೆಯ ಕೊನೆ ಓದಿ, ನಗು ಬರಲ್ಲ.

ಬೆಂಗ್ಳೂರ್ ಬಾಡಿಗೆದಾರ
ಸ್ಕ್ರಲ್ ಕಥೆಗಳಲ್ಲಿ ನನಗೆ ಜಾಸ್ತಿ ನೋವು ಕೊಟ್ಟದ್ದು ಜಾನಿದು. 300ನೇ ಸಂಚಿಕೆಯಲ್ಲಿ ಅಲಿಸಿಯಾ ಮಾಸ್ಟರ್ಸ್ ಜೊತೆ ಮದುವೆ. 1991ರಲ್ಲಿ, 357ರಲ್ಲಿ, ಆಕೆ ಅಲಿಸಿಯಾ ಅಲ್ಲ, ಲೈಜಾ ಅನ್ನೋ ಸ್ಕ್ರಲ್ ಅಂತ ಗೊತ್ತಾಗುತ್ತೆ.

ಸಂಶಯಿ
ಅದು ಕಥೆ ಅಲ್ಲ, ಬರ್ನ್ ಮಾಡಿದ ಜೋಡಿಯನ್ನ ಮುಂದಿನವರು ಬಿಡಿಸಿದ ರೀತಿ. ಸ್ಕ್ರಲ್‌ಗಳು ಬಂದಮೇಲೆ ಲೇಖಕರಿಗೆ ಹಬ್ಬ. ಇಷ್ಟವಾಗದ ಪಾತ್ರ ಏನೇ ಮಾಡಿರಲಿ, ಅವನು ಸ್ಕ್ರಲ್ ಆಗಿದ್ದ ಅಂದ್ರೆ ಮುಗೀತು. 2008ರ ಸೀಕ್ರೆಟ್ ಇನ್ವೇಷನ್ ಪೂರ್ತಿ ಅದೇ ವ್ಯಾಪಾರ.

ಬೆಂಗ್ಳೂರ್ ಬಾಡಿಗೆದಾರ
ನಮ್ಮ ಓನರ್ ಕೂಡ ಅಡ್ವಾನ್ಸ್ ವಾಪಸ್ ಕೇಳಿದಾಗ ಬೇರೆ ಮನುಷ್ಯನೇ ಆಗ್ತಾರೆ, ಅನುಮಾನ ಇದೆ.

ಮಂಡ್ಯದ್ ಮಾಯಾವಿ
😂😂 ಹಸು ಮಾಡ್ಬಿಡು ಗುರು

ಪುಟಗಿಳಿ
ಹಳೇಶಾಯಿ, ನಿಮ್ಮ ಪ್ರಶ್ನೆಗೆ ನೀವೇ ಇನ್ನೂ ಉತ್ತರ ಹೇಳಿಲ್ಲ. ಎಲ್ಲರನ್ನೂ ಕಚ್ಚಾಡಿಸಿ ಸುಮ್ಮನೆ ಕೂತಿದ್ದೀರಿ.

ಹಳೇಶಾಯಿ
ಶಿಕ್ಷೆ. ದಯೆಯ ಹೆಸರಲ್ಲಿ ಕೊಟ್ಟ ಶಿಕ್ಷೆ. ಲೀ, ಕರ್ಬಿ ಅಷ್ಟು ಯೋಚಿಸಿ ಬರೆದ್ರು ಅಂತ ನಾನು ಹೇಳಲ್ಲ, ಪುಟ ಮುಗೀತಾ ಬಂತು, ಒಂದು ನಗೆಚಾಟಿಕೆ ಬೇಕಿತ್ತು, ಹಾಕಿದ್ರು. ಆದ್ರೆ ಇದೇ ರೀಡ್ ಮುಂದೆ ಎಷ್ಟೋ ಕಥೆಗಳಲ್ಲಿ ಯಾರನ್ನೂ ಕೇಳದೆ ಇಡೀ ಲೋಕದ ಪರವಾಗಿ ತೀರ್ಮಾನ ತಗೊಳ್ತಾನೆ. ಆ ಬುದ್ಧಿ ಇಲ್ಲೇ ಇದೆ. ಸ್ಯೂ, ಜಾನಿ, ಬೆನ್ ಮೂವರಲ್ಲಿ ಒಬ್ಬರೂ 'ಇದು ಬೇಕಾ?' ಅನ್ನಲ್ಲ, ಅದು ನನಗೆ ಇನ್ನೂ ವಿಚಿತ್ರ.

ಕುಡ್ಲದ ಕಾಮಿಕ್ಕು
ನಾನು ಒಪ್ಪುವುದಿಲ್ಲ, ಆದ್ರೆ ಚರ್ಚೆ ಲಾಯ್ಕ ಆಯ್ತು.

ಕೊಟ್ಟಿಗೆ ಗೌಡ
ಇದನ್ನೆಲ್ಲ ಓದಿ ನನಗೂ ಆಸೆ ಆಯ್ತು. ಹಳೇ ಪ್ರತಿ ಎಲ್ಲಿ ಸಿಗುತ್ತೆ? ಅವೆನ್ಯೂ ರೋಡಲ್ಲಿ ಸಿಗುತ್ತಾ?

ನ್ಯೂಜೆರ್ಸಿ ನಾಗಣ್ಣ
ಗೌಡ್ರೇ, 1961ರ ಮೂಲ ಪ್ರತಿ ಕೇಳಿದ್ರೆ ಹಸುಗಳನ್ನೆಲ್ಲ ಮಾರ್ಬೇಕಾಗುತ್ತೆ. ಮರುಮುದ್ರಣ ತಗೊಳ್ಳಿ. ಎಪಿಕ್ ಕಲೆಕ್ಷನ್ ಮೊದಲ ಸಂಪುಟದಲ್ಲಿ 1ರಿಂದ 18ರ ತನಕ ಬಣ್ಣದಲ್ಲೇ ಇದೆ. ಎಸೆನ್ಷಿಯಲ್ ಅಂತ ಹಳೇ ದಪ್ಪ ಸಂಪುಟ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕರೆ ಅಗ್ಗ, ಆದ್ರೆ ಕಪ್ಪು-ಬಿಳುಪು. ಸ್ಕ್ರಲ್ ಹಸಿರು ಕಾಣಲ್ಲ.

ಎಲೆಅಡಿಕೆ
ಕರ್ಬಿ ಗೆರೆ ನೋಡೋಕೆ ಕಪ್ಪು-ಬಿಳುಪೇ ಚೆಂದ. ಇದರ ಮೇಲೆ ಯಾರೂ ಜಗಳ ಆಡಬೇಡಿ.

ಸಂಶಯಿ
ನಾನು ಆಡ್ತೀನಿ. ಬಣ್ಣ ಇಲ್ಲದ ಜಾನಿ ಯಾಕೆ ಬೇಕು? ಬೆಂಕಿ ಅಂತ ಗೊತ್ತಾಗೋದು ಹೇಗೆ?

ಹುಬ್ಳಿ ಹೈದ
18ನೇದರಾಗ ಸೂಪರ್ ಸ್ಕ್ರಲ್ ಬರ್ತಾನ, ನಾಕೂ ಮಂದಿ ಶಕ್ತಿ ಒಬ್ಬನ ಮೈಯಾಗ. ಅದಕ್ಕ ಬ್ಯಾರೆ ಥ್ರೆಡ್ ತಗೀರಿ, ಇಲ್ಲಿ ಬಣ್ಣದ ಜಗಳ ಚಾಲೂ ಆತು.